ಪಣಕ್ಕಿಟ್ಟ ಅಂಕ

2016ರ ಒಂದು ತಿಂಗಳ ಕೊನೆ. ತಿಂಗಳು ಮುಗಿಯಲು ಇನ್ನೆರಡು ದಿನ ಬಾಕಿ ಇತ್ತು. ಹಾಸ್ಟೆಲ್ಲಿನಲ್ಲಿ ನನ್ನ ಪಕ್ಕದ ಮಂಚದ ಗೆಳೆಯ ಮೂರು ವಾರ ನಿದ್ದೆಗೆಟ್ಟು, ಹಾರ್ತ್‌ಸ್ಟೋನ್ ಎಂಬ ಕಾರ್ಡ್ ಆಟದಲ್ಲಿ ‘ಲೆಜೆಂಡ್’ ಎಂಬ ಕಟ್ಟಕಡೆಯ ಮೆಟ್ಟಿಲು ಮುಟ್ಟಿದ್ದ. ಅಲ್ಲಿಗೆ ತಲುಪಿದವರ ಹೆಸರಿನ ಜೊತೆ ಒಂದು ಸಂಖ್ಯೆ ಕಾಣಿಸುತ್ತದೆ, ತಮ್ಮ ಸರ್ವರಿನಲ್ಲಿ ಅವರು ಎಷ್ಟನೆಯವರು ಎಂದು. ಇವನದು ನಾಲ್ಕುನೂರು ಚಿಲ್ಲರೆ. ಮೆಸ್ಸಿನಲ್ಲಿ ಊಟ ಮುಗಿಸಿ ಬಂದವನು ಫೋನನ್ನು ದಿಂಬಿನ ಕೆಳಗೆ ಸೇರಿಸಿ, ಗೋಡೆಯ ಕಡೆ ತಿರುಗಿ ಮಲಗಿದ.

“ಆಡಲ್ವೇನೋ?” ಎಂದೆ.

“ಬೇಡ ಮಾರಾಯ. ಒಂದು ಸೋತ್ರೂ ನಂಬರ್ ಹೋಗ್ತದೆ.”

ಆಗ ನಗು ಬಂದಿತ್ತು. ಆಮೇಲೆ ಈ ಆಟಗಳ ಚರಿತ್ರೆ ಓದುತ್ತ ಹೋದಂತೆ, ಅವನ ಆ ಮಾತನ್ನು ಅವನಿಗಿಂತ ಮೊದಲೇ ಸಾವಿರಾರು ಜನ ಆಡಿದ್ದರು ಎಂದು ತಿಳಿಯಿತು. ಆಡುವುದಕ್ಕೆಂದೇ ಮಾಡಿದ ಆಟದಲ್ಲಿ, ಚೆನ್ನಾಗಿ ಆಡಬಲ್ಲವನೇ ಆಡದೆ ಕೂರುವ ಸ್ಥಿತಿ ಹೇಗೆ ಬಂತು? ಅದಕ್ಕೆ ಉತ್ತರ ಹುಡುಕಲು ಮೂವತ್ತು ವರ್ಷ ಹಿಂದಕ್ಕೆ, ಕಂಪ್ಯೂಟರಿನ ಪರದೆಯಿಂದ ರಟ್ಟಿನ ಎಲೆಗಳಿಗೆ ಹೋಗಬೇಕು.

1991ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ವಿದ್ಯಾರ್ಥಿ ತಾನು ರೂಪಿಸಿದ ಒಂದು ಬೋರ್ಡ್ ಆಟವನ್ನು ಹಿಡಿದು ಪೀಟರ್ ಆಡ್ಕಿಸನ್ ಅವರ ಬಳಿ ಹೋದ. ಆಡ್ಕಿಸನ್ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ‘ವಿಝರ್ಡ್ಸ್ ಆಫ್ ದ ಕೋಸ್ಟ್’ ಎಂಬ ಸಣ್ಣ ಕಂಪನಿ ನಡೆಸುತ್ತಿದ್ದರು. ಆ ಆಟ ಅಚ್ಚು ಹಾಕಿಸಲು ದುಬಾರಿ ಎನಿಸಿತು. ಸಮ್ಮೇಳನಗಳಲ್ಲಿ ಎರಡು ಕಾರ್ಯಕ್ರಮಗಳ ನಡುವೆ ಆಡಿ ಮುಗಿಸಬಹುದಾದ, ಜೇಬಿನಲ್ಲಿ ಒಯ್ಯಬಹುದಾದ ಏನಾದರೂ ಇದೆಯೇ ಎಂದು ಅವರು ಕೇಳಿದರು. ಅದರಿಂದ ಹುಟ್ಟಿದ್ದು 1993ರ ಆಗಸ್ಟಿನಲ್ಲಿ ಬಂದ ‘ಮ್ಯಾಜಿಕ್: ದ ಗ್ಯಾದರಿಂಗ್’. ನಮ್ಮ ಇಸ್ಪೀಟಿನಲ್ಲಿ ಎಲ್ಲರೂ ಒಂದೇ 52 ಎಲೆಗಳಿಂದ ಆಡುತ್ತಾರೆ. ಇಲ್ಲಿ ಹಾಗಲ್ಲ. ನೂರಾರು ಬಗೆಯ ಕಾರ್ಡುಗಳು ಲಕೋಟೆಗಳಲ್ಲಿ ಸಿಗುತ್ತವೆ. ಒಳಗೆ ಏನಿದೆಯೋ ಗೊತ್ತಿಲ್ಲದೆ ಕೊಂಡು, ಸಿಕ್ಕಿದ್ದರಲ್ಲಿ ಆರಿಸಿ, ತಮ್ಮದೇ ಕಟ್ಟನ್ನು, ಅಂದರೆ ‘ಡೆಕ್’ ಅನ್ನು, ಜೋಡಿಸಿಕೊಂಡು ಎದುರಾಳಿಯ ಮುಂದೆ ಕೂರಬೇಕು. ಮೊದಲ ಮುದ್ರಣದ ಸುಮಾರು 26 ಲಕ್ಷ ಕಾರ್ಡುಗಳು ಕೆಲವೇ ವಾರಗಳಲ್ಲಿ ಖಾಲಿಯಾದವು.

ಗಾರ್ಫೀಲ್ಡ್ ಲೆಕ್ಕಾಚಾರದಲ್ಲಿ ಜನ ಒಂದು ಬೋರ್ಡ್ ಆಟಕ್ಕೆ ಎಷ್ಟು ಖರ್ಚು ಮಾಡುತ್ತಾರೋ ಸುಮಾರಾಗಿ ಅಷ್ಟನ್ನೇ ಇದಕ್ಕೂ ಮಾಡುತ್ತಾರೆ ಎಂದಿತ್ತು. ಹಾಗಾದರೆ ಒಂದು ಗೆಳೆಯರ ಗುಂಪಿನಲ್ಲಿ ಬಲು ಅಪರೂಪದ ಕಾರ್ಡು ಒಬ್ಬನ ಬಳಿ ಇದ್ದರೆ ಹೆಚ್ಚು. ಪಕ್ಕದೂರಿನವನು ಇನ್ನಾವುದೋ ಕಂಡರಿಯದ ಕಾರ್ಡು ತಂದು ಬೆರಗುಗೊಳಿಸುತ್ತಾನೆ. ಪ್ರತಿ ಊರಿನಲ್ಲೂ ಆಟ ಬೇರೆ ಬೇರೆ ರೀತಿಯಲ್ಲಿ ಬೆಳೆಯುತ್ತದೆ. ಇದು ಅವನ ಕನಸು. ಅದರ ಜೊತೆಗೆ ಮೊದಲ ನಿಯಮಪುಸ್ತಕದಲ್ಲಿ ಇನ್ನೊಂದು ಸಂಗತಿ ಇತ್ತು, ಇಂದಿನ ಆಟಗಾರರಲ್ಲಿ ಹಲವರಿಗೆ ಗೊತ್ತೇ ಇಲ್ಲದ್ದು: ಪಣ. ಆಟ ಶುರುವಾಗುವ ಮೊದಲು ಇಬ್ಬರೂ ತಂತಮ್ಮ ಡೆಕ್ಕಿನಿಂದ ನೋಡದೆ ಒಂದು ಕಾರ್ಡನ್ನು ಪಕ್ಕಕ್ಕಿಡಬೇಕು. ಗೆದ್ದವನಿಗೆ ಎರಡೂ. ಉದ್ದೇಶ ಜೂಜಲ್ಲ. ಒಳ್ಳೆಯ ಕಾರ್ಡು ಒಬ್ಬನ ಪೆಟ್ಟಿಗೆಯಲ್ಲೇ ಕೊಳೆಯದೆ ಕೈಯಿಂದ ಕೈಗೆ ತಿರುಗಲಿ ಎಂಬುದು.

ಎರಡೂ ನಡೆಯಲಿಲ್ಲ. ಜನ ಪೆಟ್ಟಿಗೆಗಟ್ಟಲೆ ಕೊಂಡರು. ಸಾವಿರಾರು ರೂಪಾಯಿ ಬಾಳುವ ಕಾರ್ಡನ್ನು ಯಾರು ತಾನೇ ಪಣಕ್ಕಿಡುತ್ತಾರೆ? ಜೂಜಿನ ಕಾನೂನಿನ ಭಯ ಬೇರೆ. ಕೆಲವೇ ವರ್ಷಗಳಲ್ಲಿ ಪಣದ ನಿಯಮ ಸದ್ದಿಲ್ಲದೆ ಮಾಯವಾಯಿತು. ಆದರೆ ಪಣವಿಲ್ಲದೆ ಮನುಷ್ಯರು ಹೆಚ್ಚು ಕಾಲ ಆಡಲಾರರೇನೋ. ಕಾರ್ಡು ಹೋದ ಜಾಗಕ್ಕೆ ಬೇರೆ ಏನೋ ಬರಬೇಕಿತ್ತು, ಬಂತು. ಅದಕ್ಕೆ ಮೊದಲು ಊರೂರಿನ ಗುಟ್ಟುಗಳು ಬಯಲಾದ ಕತೆಯನ್ನು ಹೇಳಿಬಿಡುತ್ತೇನೆ.

ಇಂಟರ್ನೆಟ್ಟು ಮತ್ತು ಮ್ಯಾಜಿಕ್ ಹೆಚ್ಚುಕಡಿಮೆ ಒಟ್ಟಿಗೆ ಬೆಳೆದವು. 1990ರ ದಶಕದ ನಡುವಿನಲ್ಲಿ ‘ದ ಡೋಜೋ’ ಎಂಬ ತಾಣದಲ್ಲಿ ಆಟಗಾರರು ತಮ್ಮ ಡೆಕ್ಕುಗಳ ಪಟ್ಟಿ, ಪಂದ್ಯಗಳ ವರದಿ ಬರೆಯತೊಡಗಿದರು. ಈ ಬರಹಗಳನ್ನು ಓದಿದವರಿಗೆ ಒಂದು ಶಾಸ್ತ್ರ ಕಣ್ಣೆದುರೇ ಹುಟ್ಟಿದ ಅನುಭವ ಆಗುತ್ತದೆ. 1996ರಲ್ಲಿ ಅಟ್ಲಾಂಟಾದ ಒಂದು ಅರ್ಹತಾ ಪಂದ್ಯದಲ್ಲಿ ಪಾಲ್ ಸ್ಲೈ ಎಂಬಾತ, ಜೇ ಶ್ನೈಡರ್ ರೂಪಿಸಿದ ಒಂದು ಡೆಕ್ ಹಿಡಿದು ಬಂದ. ಅದರಲ್ಲಿದ್ದ ಕಾರ್ಡುಗಳನ್ನು ನೋಡಿದರೆ ಯಾರಾದರೂ ನಗಬೇಕು. ಬಡಕಲು ಪ್ರಾಣಿಗಳು, ಯಾರೂ ಕಣ್ಣೆತ್ತಿ ನೋಡದ ಅಗ್ಗದ ಕಾರ್ಡುಗಳು. ಆದರೆ ಅದರ ಹಿಂದೊಂದು ಲೆಕ್ಕವಿತ್ತು. ಮ್ಯಾಜಿಕ್‌ನಲ್ಲಿ ಪ್ರತಿ ಕಾರ್ಡಿಗೂ ಬೆಲೆಯಿದೆ. ಅದನ್ನು ತೆರುವ ಶಕ್ತಿಗೆ ‘ಮಾನಾ’ ಎನ್ನುತ್ತಾರೆ. ಆಟ ಮುಂದುವರಿದಂತೆ ಸರದಿಗೊಂದರಂತೆ ಮಾನಾ ಹೆಚ್ಚುತ್ತದೆ. ಮೊದಲ ಸರದಿಯಲ್ಲಿ ಒಂದು, ಎರಡನೆಯದರಲ್ಲಿ ಎರಡು. ದೊಡ್ಡ ದೊಡ್ಡ ಕಾರ್ಡು ತುಂಬಿಕೊಂಡವನು ಮೊದಲ ನಾಲ್ಕು ಸರದಿ ಕೈಕಟ್ಟಿ ಕೂರುತ್ತಾನೆ, ಅಷ್ಟೂ ಮಾನಾ ವ್ಯರ್ಥ. ಸ್ಲೈನ ಡೆಕ್ ಒಂದು ಸರದಿಯ ಮಾನಾವನ್ನೂ ವ್ಯರ್ಥ ಮಾಡುತ್ತಿರಲಿಲ್ಲ. ಎದುರಾಳಿಯ ಆನೆ ಎದ್ದು ನಿಲ್ಲುವಷ್ಟರಲ್ಲಿ ಇವನ ಇರುವೆಗಳು ಆಟ ಮುಗಿಸಿರುತ್ತಿದ್ದವು. ಇಂದು ಹಾರ್ತ್‌ಸ್ಟೋನ್ ಆಡುವ ಹೈಸ್ಕೂಲು ಹುಡುಗನೂ ‘ಮಾನಾ ಕರ್ವ್’ ಎನ್ನುತ್ತಾನೆ. ಆ ಮಾತು ಹೆಸರು ಮಾಡಿದ್ದು ಇಲ್ಲಿಂದ.

ಇನ್ನೊಂದು ಬರಹ 1999ರದು, ಮೈಕ್ ಫ್ಲೋರೆಸ್ ಬರೆದ ‘ಹೂಸ್ ದ ಬೀಟ್‌ಡೌನ್’. ಅದರ ತಿರುಳು ಇಷ್ಟು: ಒಂದೇ ರೀತಿಯ ಎರಡು ಡೆಕ್ಕುಗಳು ಎದುರಾದಾಗಲೂ ಇಬ್ಬರ ಕೆಲಸ ಒಂದೇ ಅಲ್ಲ. ಆಟ ಉದ್ದವಾದಷ್ಟೂ ಯಾರಿಗೆ ಲಾಭವೋ ಅವನು ತಡೆಯುತ್ತ ಕೂರಬೇಕು, ಇನ್ನೊಬ್ಬ ನುಗ್ಗಬೇಕು. ತಾನು ಯಾವ ಪಾತ್ರದವನು ಎಂಬುದನ್ನು ತಪ್ಪಾಗಿ ತಿಳಿದವನು ಸೋಲುತ್ತಾನೆ, ಅವನ ಒಂದೊಂದು ನಡೆಯೂ ಸರಿ ಎಂದು ಕಂಡರೂ. ನಾನು ಈ ಬಗೆಯ ಬರಹಗಳನ್ನು ಸಾಹಿತ್ಯವೆಂದೇ ಓದುತ್ತೇನೆ, ಸ್ವಲ್ಪ ಅತಿಯಾಯಿತು ಎಂದು ಯಾರಾದರೂ ಹೇಳಿದರೂ ಸರಿಯೆ.

ಒಳ್ಳೆಯದೇ ಆಯಿತು. ಆದರೆ ಗಾರ್ಫೀಲ್ಡ್‌ನ ಕನಸು ಅಲ್ಲಿಗೆ ಮುಗಿಯಿತು. ಅಟ್ಲಾಂಟಾದಲ್ಲಿ ಗೆದ್ದ ಡೆಕ್ಕಿನ ಪಟ್ಟಿ ವಾರದೊಳಗೆ ಟೋಕಿಯೋದಲ್ಲಿ ಇರುತ್ತಿತ್ತು. ಪಕ್ಕದೂರಿನವನು ಬೆರಗುಗೊಳಿಸುವುದು ನಿಂತಿತು. ಎಲ್ಲರ ಬಳಿಯೂ ಒಂದೇ ಡೆಕ್ ಇದ್ದಾಗ, ಯಾರು ಹೆಚ್ಚು ಎಂದು ಅಳೆಯುವ ಆಸೆ ತಾನಾಗಿ ಬರುತ್ತದೆ. 1996ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ, ಹಿಮಪಾತದ ನಡುವೆ, ಮೊದಲ ‘ಪ್ರೋ ಟೂರ್’ ನಡೆಯಿತು. ಮೈಕೆಲ್ ಲೊಕಾಂಟೊ ಗೆದ್ದ. ಪಂದ್ಯಗಳ ಮೇಲ್ವಿಚಾರಣೆಗೆ ಕಂಪನಿ ಕಟ್ಟಿದ್ದ ಡಿಸಿಐ ಎಂಬ ಸಂಸ್ಥೆ ಪ್ರತಿ ಆಟಗಾರನಿಗೂ ಒಂದು ಅಂಕ ಕೊಡುತ್ತಿತ್ತು. ಎಲ್ಲರೂ 1600ರಿಂದ ಶುರು. ಆ ಅಂಕದ ಸೂತ್ರವನ್ನು ಚದುರಂಗದಿಂದ ಎರವಲು ತರಲಾಗಿತ್ತು.

ಸೂತ್ರದ ಕರ್ತೃ ಆರ್ಪಾಡ್ ಎಲೋ. ಹಂಗೇರಿಯಲ್ಲಿ ಹುಟ್ಟಿ, ಮಿಲ್ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ, ಚದುರಂಗದಲ್ಲೂ ಪಳಗಿದ ಪ್ರೊಫೆಸರು. ಅಮೆರಿಕದ ಚದುರಂಗ ಒಕ್ಕೂಟ ಅವರ ಪದ್ಧತಿಯನ್ನು 1960ರಲ್ಲಿ ಒಪ್ಪಿಕೊಂಡಿತು, ಜಾಗತಿಕ ಸಂಸ್ಥೆ ಫಿಡೆ 1970ರಲ್ಲಿ. ಇಬ್ಬರ ಅಂಕಗಳ ಅಂತರ ನೋಡಿ ಯಾರು ಗೆಲ್ಲುವ ಸಾಧ್ಯತೆ ಎಷ್ಟು ಎಂದು ಮೊದಲೇ ಲೆಕ್ಕ ಹಾಕುವುದು, ಫಲಿತಾಂಶ ಅದಕ್ಕಿಂತ ಎಷ್ಟು ಬೇರೆಯಾಯಿತೋ ಅಷ್ಟು ಅಂಕ ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸುವುದು, ಇಷ್ಟೇ ಪದ್ಧತಿ. ಅಂತರ 200 ಇದ್ದರೆ ಮೇಲಿನವನು ನೂರಕ್ಕೆ 76ರಷ್ಟು ಗಳಿಸಬೇಕು. 400 ಇದ್ದರೆ ಹನ್ನೊಂದರಲ್ಲಿ ಹತ್ತು. ಎಲೋ ಅವರಿಗೆ ತಮ್ಮ ಅಳತೆಗೋಲಿನ ಬಗ್ಗೆ ಭ್ರಮೆ ಇರಲಿಲ್ಲ. ನೀರಿನ ಮೇಲೆ ಏಳುತ್ತ ಬೀಳುತ್ತ ತೇಲುವ ಬಿರಡೆಯನ್ನು, ಗಾಳಿಗೆ ತೂಗಾಡುವ ಹಗ್ಗಕ್ಕೆ ಕಟ್ಟಿದ ಕೋಲಿನಿಂದ ಅಳೆದ ಹಾಗೆ ಇದು ಎಂಬರ್ಥದ ಮಾತನ್ನು ಅವರೇ ಹೇಳಿದ್ದರು.

ಚದುರಂಗದಲ್ಲಿ ಅದೃಷ್ಟಕ್ಕೆ ಜಾಗವಿಲ್ಲ. ಕಾರ್ಡ್ ಆಟದಲ್ಲಿ ಅದೃಷ್ಟವನ್ನು ಕರೆದು ಮಣೆ ಹಾಕಿ ಕೂರಿಸಿದ್ದಾರೆ, ಅದೂ ಬೇಕೆಂದೇ. ಹೊಸಬ ಆಗೊಮ್ಮೆ ಈಗೊಮ್ಮೆ ಪಳಗಿದವನನ್ನು ಸೋಲಿಸದಿದ್ದರೆ ಅವನು ಮತ್ತೆ ಬರುವುದಿಲ್ಲ ಎಂಬುದು ಗಾರ್ಫೀಲ್ಡ್‌ಗೆ ಚೆನ್ನಾಗಿ ಗೊತ್ತಿತ್ತು. ಆಟಗಳಲ್ಲಿ ಅದೃಷ್ಟದ ಪಾತ್ರದ ಬಗ್ಗೆ ಅವನು ಭಾಷಣಗಳನ್ನೇ ಮಾಡಿದ್ದಾನೆ. ಜಗತ್ತಿನ ಅತ್ಯುತ್ತಮ ಮ್ಯಾಜಿಕ್ ಆಟಗಾರರೂ ದೊಡ್ಡ ಪಂದ್ಯಗಳಲ್ಲಿ ಗೆಲ್ಲುವುದು ನೂರಕ್ಕೆ ಅರವತ್ತು ಚಿಲ್ಲರೆ ಅಷ್ಟೆ.

ಈಗ ಎರಡನ್ನೂ ಸೇರಿಸಿ ನೋಡಿ. ಇಲ್ಲಿ ಸ್ವಲ್ಪ ಲೆಕ್ಕ ಮಾಡದೆ ವಿಧಿಯಿಲ್ಲ. 2000 ಅಂಕದ ಆಟಗಾರನೊಬ್ಬ ಶುಕ್ರವಾರ ಸಂಜೆ ತನ್ನೂರಿನ ಅಂಗಡಿಯಲ್ಲಿ 1600 ಅಂಕದ ಹುಡುಗನ ಎದುರು ಕೂರುತ್ತಾನೆ. ಒಂದು ಪಂದ್ಯಕ್ಕೆ ಗರಿಷ್ಠ 16 ಅಂಕ ಎಂದಿಟ್ಟುಕೊಳ್ಳೋಣ. ಅಂತರ 400 ಆದ್ದರಿಂದ, ಗೆದ್ದರೆ ಸಿಗುವುದು ಸುಮಾರು ಒಂದೂವರೆ ಅಂಕ. ಸೋತರೆ ಹೋಗುವುದು ಹದಿನಾಲ್ಕೂವರೆ. ಹತ್ತು ಗೆದ್ದು ಒಂದು ಸೋತರೆ ಸರಿಗೆ ಸರಿ. ಚದುರಂಗದಲ್ಲಿ ಅದು ನ್ಯಾಯ. ಆದರೆ ಎಲೆ ಕಲಸಿ ಹಂಚುವ ಆಟದಲ್ಲಿ ಎಷ್ಟೇ ದೊಡ್ಡವನಾದರೂ ಆ ಹುಡುಗನೆದುರು ನಾಲ್ಕರಲ್ಲಿ ಮೂರು ಗೆದ್ದಾನು, ಅಷ್ಟೆ. ಮೂರು ಗೆದ್ದರೆ ನಾಲ್ಕೂವರೆ ಬಂತು, ಒಂದು ಸೋತರೆ ಹದಿನಾಲ್ಕೂವರೆ ಹೋಯಿತು. ನಾಲ್ಕು ಪಂದ್ಯಕ್ಕೆ ಹತ್ತು ಅಂಕ ನಷ್ಟ. ಅಂದರೆ ಚೆನ್ನಾಗಿ ಆಡಿ, ಮುಕ್ಕಾಲು ಪಾಲು ಗೆದ್ದೂ ಅವನು ಕೆಳಗಿಳಿಯುತ್ತಾನೆ.

ಆ ಅಂಕದ ಮೇಲೆ ಏನೇನು ನಿಂತಿತ್ತು ಎಂದರೆ, ಮೇಲಿನವರಿಗೆ ದೊಡ್ಡ ಪಂದ್ಯಗಳಿಗೆ ನೇರ ಆಹ್ವಾನ, ಮೊದಲ ಸುತ್ತುಗಳನ್ನು ಆಡದೆ ದಾಟುವ ರಿಯಾಯಿತಿ. ಹಾಗಾಗಿ ತಿಳಿದವರು ತಿಳಿದಂತೆ ಮಾಡಿದರು. ಆಹ್ವಾನದ ಗಡಿ ದಾಟಿದ ಮೇಲೆ ಆಡುವುದನ್ನು ನಿಲ್ಲಿಸಿದರು. ಅಂಗಡಿಗೆ ಹೋದರೂ ನೋಡುತ್ತ ನಿಲ್ಲುತ್ತಿದ್ದರು. ಅಲ್ಲಿನ ಹುಡುಗರು ಯಾರಿಂದ ಕಲಿಯಬೇಕಿತ್ತೋ ಅವರೇ ಮೇಜಿನಿಂದ ದೂರ. ಆಟ ಮಾರುವ ಕಂಪನಿಗೆ ಇದಕ್ಕಿಂತ ಕೆಟ್ಟ ಸುದ್ದಿ ಬೇಕೆ? 2011ರ ಸೆಪ್ಟೆಂಬರಿನಲ್ಲಿ ವಿಝರ್ಡ್ಸ್ ಈ ಎಲೋ ಅಂಕವನ್ನೇ ಕೈಬಿಟ್ಟು, ಆಡಿದಷ್ಟೂ ಕೂಡುತ್ತ ಹೋಗುವ, ಎಂದೂ ಇಳಿಯದ ಹೊಸ ಅಂಕ ತಂದಿತು. ಜನ ಆಡದೆ ಕೂರುತ್ತಿದ್ದಾರೆ ಎಂಬುದನ್ನು ಕಾರಣವಾಗಿ ಕಂಪನಿಯೇ ಹೇಳಿತು. ಅದರ ಅಡ್ಡಪರಿಣಾಮ ತಕ್ಷಣ ಕಂಡಿತು. ಈಗ ಹೆಚ್ಚು ಓಡಾಡಿದವನೇ ಮೇಲೆ. ದೊಡ್ಡ ಊರಿನವನು, ವಿಮಾನದ ಟಿಕೆಟ್ಟಿಗೆ ದುಡ್ಡಿದ್ದವನು, ವಾರಾಂತ್ಯಕ್ಕೆ ಮನೆ ಬಿಡಬಲ್ಲವನು. ಇಳಿಯುವ ಅಂಕ ಆಟಗಾರರನ್ನು ಮನೆಯಲ್ಲಿ ಕೂರಿಸಿತ್ತು, ಇಳಿಯದ ಅಂಕ ಅವರನ್ನು ಮನೆಗೇ ಹೋಗದಂತೆ ಮಾಡಿತು.

ಇಷ್ಟೆಲ್ಲ ನಡೆದ ಮೇಲೆ ಬಂದದ್ದು ಹಾರ್ತ್‌ಸ್ಟೋನ್. ಪರದೆಯ ಮೇಲೆ ಆಡುವ ಕಾರ್ಡ್ ಆಟ ಅದೇ ಮೊದಲೇನಲ್ಲ. ಮ್ಯಾಜಿಕ್‌ನದೇ ಆನ್‌ಲೈನ್ ರೂಪ 2002ರಿಂದ ಇತ್ತು. ಆದರೆ ಬ್ಲಿಝರ್ಡ್ ಕಂಪನಿಯ ಒಂದು ಸಣ್ಣ ತಂಡ, ಎರಿಕ್ ಡಾಡ್ಸ್ ಮತ್ತು ಬೆನ್ ಬ್ರೋಡ್ ಮುಂತಾದವರು, ಆಟವನ್ನು ಬಿಚ್ಚಿ ಹಗುರ ಮಾಡಿದರು. 2014ರ ಮಾರ್ಚಿನಲ್ಲಿ ಬಿಡುಗಡೆಯಾಯಿತು, ಮರುವರ್ಷ ಫೋನಿಗೂ ಬಂತು. ಡೆಕ್ಕಿಗೆ 30 ಕಾರ್ಡು, ಇಬ್ಬರಿಗೂ 30 ಪ್ರಾಣಾಂಕ, ಸರದಿಗೊಂದು ಮಾನಾ ತಾನಾಗಿ ಸಿಗುತ್ತದೆ. ನಿಮ್ಮ ಸರದಿಯಲ್ಲಿ ಎದುರಾಳಿ ಅಡ್ಡ ಬರುವಂತಿಲ್ಲ. ಮಾತಾಡುವಂತೆಯೂ ಇಲ್ಲ, ಸಿದ್ಧವಾಗಿ ಕೊಟ್ಟ ಕೆಲವು ಉದ್ಗಾರಗಳಷ್ಟೇ. ಅದರಲ್ಲಿ ಮೊದಲು ‘ಕ್ಷಮಿಸಿ’ ಎಂಬುದೂ ಇತ್ತು. ಗೆಲ್ಲುವ ಮುನ್ನ ಎದುರಾಳಿಯನ್ನು ಚುಚ್ಚುವುದಕ್ಕೇ ಅದನ್ನು ಬಳಸತೊಡಗಿದರೆಂದೋ ಏನೋ, 2015ರಲ್ಲಿ ಅದನ್ನು ತೆಗೆದು ‘ವಾವ್’ ಇಟ್ಟರು. ‘ವಾವ್’ ಇನ್ನೂ ಚೆನ್ನಾಗಿ ಚುಚ್ಚಿತು.

ಇಲ್ಲಿ ಶ್ರೇಯಾಂಕಕ್ಕೆ ಏಣಿಯ ರೂಪ ಬಂತು. 25ನೇ ಮೆಟ್ಟಿಲಿನಿಂದ ಶುರುಮಾಡಿ 1ಕ್ಕೆ ಬರಬೇಕು, ಆಮೇಲೆ ಲೆಜೆಂಡ್. ಗೆದ್ದರೆ ಒಂದು ನಕ್ಷತ್ರ, ಸೋತರೆ ಒಂದು ನಕ್ಷತ್ರ ಕಡಿತ. ಸತತವಾಗಿ ಗೆಲ್ಲುವವರಿಗೆ ಒಂದು ನಕ್ಷತ್ರ ಹೆಚ್ಚಿಗೆ, ಆದರೆ ಅದು 5ನೇ ಮೆಟ್ಟಿಲಿನ ತನಕ ಮಾತ್ರ. ತಿಂಗಳ ಕೊನೆಗೆ ಎಲ್ಲರನ್ನೂ ಕೆಳಕ್ಕೆ ತಳ್ಳಿ ಮತ್ತೆ ಶುರು. ನಮ್ಮ ಹಾವು-ಏಣಿ ಆಟದಲ್ಲಿ ಹಾವು ಕಚ್ಚುವುದಾದರೂ ಕೆಲವೇ ಮನೆಗಳಲ್ಲಿ. ಇಲ್ಲಿ ತಿಂಗಳಿಗೊಮ್ಮೆ ಎಲ್ಲರಿಗೂ ಕಚ್ಚುತ್ತಿತ್ತು.

ಏಣಿ ಬಂದ ಮೇಲೆ ತಂತ್ರದ ಅರ್ಥವೇ ಬದಲಾಯಿತು. 5ರಿಂದ ಲೆಜೆಂಡಿಗೆ 25 ನಕ್ಷತ್ರ ಬೇಕು. ನೂರರಲ್ಲಿ 55 ಗೆಲ್ಲುವ ಒಳ್ಳೆಯ, ಆದರೆ ನಿಧಾನದ ಡೆಕ್ ಒಂದಿದೆ ಎನ್ನಿ, ಒಂದಾಟಕ್ಕೆ ಹದಿನೈದು ನಿಮಿಷ ಹಿಡಿಯುವಂಥದು. 55 ಗೆದ್ದು 45 ಸೋತರೆ ಉಳಿಯುವುದು ಹತ್ತು ನಕ್ಷತ್ರ. 25ಕ್ಕೆ 250 ಆಟ, ಅರವತ್ತು ಗಂಟೆಗೂ ಮೇಲೆ. ಇನ್ನೊಂದು ಡೆಕ್ ನೂರರಲ್ಲಿ 53 ಮಾತ್ರ ಗೆಲ್ಲುತ್ತದೆ, ಆದರೆ ಐದು ನಿಮಿಷದಲ್ಲಿ ಗೆಲುವೋ ಸೋಲೋ ಮುಗಿಯಿತು. ಅದಕ್ಕೆ ಸುಮಾರು 417 ಆಟ ಬೇಕು. ಆದರೆ ಗಂಟೆ ಲೆಕ್ಕದಲ್ಲಿ 35. ಕಡಿಮೆ ಒಳ್ಳೆಯ ಡೆಕ್ಕಿಗೆ ಹೆಚ್ಚುಕಡಿಮೆ ಅರ್ಧ ಸಮಯ ಸಾಕು. ಪಾಲ್ ಸ್ಲೈನ ಇರುವೆಗಳು ಹೀಗೆ ಮರುಜನ್ಮ ಪಡೆದವು. ಎದುರಾಳಿಯ ಪ್ರಾಣಿಗಳ ಕಡೆ ನೋಡದೆ ನೇರ ಅವನ ಮುಖಕ್ಕೇ ಹೊಡೆಯುವ ‘ಫೇಸ್ ಹಂಟರ್’ ಏಣಿಯ ತುಂಬ ಹರಡಿದ್ದು ಅದು ಎಲ್ಲಕ್ಕಿಂತ ಬಲವಾಗಿತ್ತೆಂದಲ್ಲ, ಬೇಗ ಮುಗಿಯುತ್ತಿತ್ತೆಂದು. ಅಟ್ಲಾಂಟಾದಲ್ಲಿ ವೇಗವೆಂದರೆ ಮಾನಾ ವ್ಯರ್ಥ ಮಾಡದಿರುವುದು. ಇಲ್ಲಿ ವೇಗವೆಂದರೆ ಆಟಗಾರನ ಸಂಜೆಯನ್ನು ಉಳಿಸುವುದು. ಪಣ ಈಗ ಕಾರ್ಡೂ ಅಲ್ಲ, ಅಂಕವೂ ಅಲ್ಲ, ಗಂಟೆಗಳು.

ನನ್ನ ಗೆಳೆಯ ಏರಿದ್ದೂ ಹಾಗೆಯೇ. ಆಡಲು ಇಷ್ಟವಿದ್ದದ್ದು ನಿಧಾನದ ‘ಕಂಟ್ರೋಲ್ ವಾರಿಯರ್’. ತಿಂಗಳ ಮೊದಲ ವಾರ ಅದರಲ್ಲಿ ನಗುನಗುತ್ತ ಆಡುತ್ತಿದ್ದ, ನಡುನಡುವೆ ನನ್ನನ್ನು ಕರೆದು ತೋರಿಸುತ್ತಿದ್ದ. ಎರಡನೇ ವಾರದಿಂದ ಕೈ ಕಿರುಬೆರಳಿನಷ್ಟೇ ಅಲುಗುತ್ತಿತ್ತು, ಕರೆಯುವುದು ನಿಂತಿತು.

ಲೆಜೆಂಡ್ ತಲುಪಿದವರ ಸಂಖ್ಯೆ ನಕ್ಷತ್ರಗಳಿಂದಲ್ಲ, ಒಳಗೆ ಅಡಗಿಸಿಟ್ಟ ಒಂದು ಅಂಕದಿಂದ ಬರುತ್ತಿತ್ತು. ಎಲೋ ಅವರ ಮೊಮ್ಮಗ ಎನ್ನಿ. ತಿಂಗಳ ಕೊನೆಗೆ ಎಷ್ಟನೆಯವರಾಗಿ ಮುಗಿಸಿದಿರಿ ಎಂಬುದರ ಮೇಲೆ ವೃತ್ತಿ ಆಟಗಾರರಿಗೆ ಚಾಂಪಿಯನ್‌ಶಿಪ್ಪಿನ ಅರ್ಹತಾ ಅಂಕಗಳು ಸಿಗುತ್ತಿದ್ದ ವರ್ಷಗಳಿದ್ದವು. ಆಗ ಏನಾಯಿತೆಂದು ಹೇಳಬೇಕಾಗಿಲ್ಲ. ಮೇಲಿನ ಸ್ಥಾನ ಸಿಕ್ಕವರು ಕೊನೆಯ ದಿನಗಳಲ್ಲಿ ಆಡದೆ ಕಾದು ಕುಳಿತರು. 2011ರಲ್ಲಿ ರಟ್ಟಿನ ಆಟ ಓಡಿಸಿದ ಕಾಯಿಲೆ ಪರದೆಯ ಆಟದ ಹಿತ್ತಲ ಬಾಗಿಲಿನಿಂದ ಬಂದಿತ್ತು. ಬ್ಲಿಝರ್ಡ್ ಮದ್ದು ಹಾಕುತ್ತಲೇ ಬಂತು. 2017ರಲ್ಲಿ ಕೆಲವು ಮೆಟ್ಟಿಲುಗಳಿಗೆ ಬಂದ ಮೇಲೆ ಕೆಳಗೆ ಬೀಳದಂತೆ ಮಾಡಿದರು. 2018ರಲ್ಲಿ ತಿಂಗಳ ಕಡಿತವನ್ನು ನಾಲ್ಕು ಮೆಟ್ಟಿಲಿಗೆ ಇಳಿಸಿದರು. 2020ರ ಏಪ್ರಿಲ್‌ನಲ್ಲಿ ಹಳೆಯ ಏಣಿಯನ್ನೇ ಕಿತ್ತು ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ, ವಜ್ರ ಎಂದು ಐವತ್ತು ಮೆಟ್ಟಿಲ ಹೊಸದನ್ನು ನಿಲ್ಲಿಸಿದರು.

ಇದನ್ನೆಲ್ಲ ಓದಿ ಅಂಕವೇ ಇಲ್ಲದಿದ್ದರೆ ಒಳ್ಳೆಯದಿತ್ತು ಎನಿಸಬಹುದು. ನನಗೂ ಅನಿಸಿತ್ತು. 2018ರ ನವೆಂಬರಿನಲ್ಲಿ ವಾಲ್ವ್ ಕಂಪನಿ ‘ಆರ್ಟಿಫ್ಯಾಕ್ಟ್’ ಎಂಬ ಆಟ ತಂದಿತು. ರೂಪಿಸಿದವನು ಸಾಕ್ಷಾತ್ ಗಾರ್ಫೀಲ್ಡ್. ಆಳವಾದ ಆಟ. ಬಿಡುಗಡೆಯಾದಾಗ ಏರಲು ಏಣಿ ಇರಲಿಲ್ಲ. ಜನ ಆಡಿದರು, ಆಡುತ್ತ ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಕೇಳಿದರು, ಬಿಟ್ಟುಹೋದರು. ಕೆಲವು ವಾರಗಳ ನಂತರ ಶ್ರೇಯಾಂಕ ಸೇರಿಸಿದರೂ ಹೋದವರು ಬರಲಿಲ್ಲ. ದುಡ್ಡು ಕೊಟ್ಟು ಕೊಂಡ ಮೇಲೂ ಕಾರ್ಡುಗಳಿಗೆ ಮತ್ತೆ ದುಡ್ಡು ಕೊಡಬೇಕಿದ್ದದ್ದು ದೊಡ್ಡ ಕಾರಣ, ಒಪ್ಪಿದೆ. ಆದರೆ ಏಣಿ ಎಲ್ಲಿ ಎಂಬ ಕೂಗು ಸಣ್ಣದೇನಲ್ಲ. 2021ರ ಮಾರ್ಚಿನಲ್ಲಿ ವಾಲ್ವ್ ಆ ಆಟದ ಕೆಲಸ ನಿಲ್ಲಿಸಿತು. ಅಂಕವನ್ನು ನಮ್ಮ ಮೇಲೆ ಯಾರೂ ಹೇರಲಿಲ್ಲ. ನಾವೇ ಕೇಳಿ ಪಡೆದೆವು.

ರಟ್ಟಿಗೂ ಪರದೆಗೂ ಇನ್ನೊಂದು ವ್ಯತ್ಯಾಸವಿದೆ, ಅದು ಅಂಕಕ್ಕಿಂತ ಆಳದ್ದು. ಮ್ಯಾಜಿಕ್‌ನಲ್ಲಿ ಒಂದು ಕಾರ್ಡನ್ನು ಪಂದ್ಯಗಳಿಂದ ನಿಷೇಧಿಸಬಹುದು, ಆದರೆ ನಿಮ್ಮ ಪೆಟ್ಟಿಗೆಯಲ್ಲಿರುವ ಕಾರ್ಡಿನ ಮೇಲಿನ ಅಕ್ಷರಗಳನ್ನು ಯಾರೂ ಅಳಿಸಲಾರರು. ಹಾರ್ತ್‌ಸ್ಟೋನ್‌ನಲ್ಲಿ ಅಳಿಸಬಹುದು. 2014ರ ಸೆಪ್ಟೆಂಬರಿನಲ್ಲಿ ‘ಲೀರಾಯ್ ಜೆಂಕಿನ್ಸ್’ ಕಾರ್ಡಿನ ಬೆಲೆ 4 ಮಾನಾ ಇದ್ದದ್ದು ಬೆಳಗಾಗುವಷ್ಟರಲ್ಲಿ 5 ಆಯಿತು. ‘ಸ್ಟಾರ್ವಿಂಗ್ ಬಝರ್ಡ್’ 2ರಿಂದ 5ಕ್ಕೆ ಹಾರಿತು. 2015ರ ಅಕ್ಟೋಬರಿನಲ್ಲಿ ‘ವಾರ್‌ಸಾಂಗ್ ಕಮಾಂಡರ್’ ಮೇಲಿನ ಮಾತನ್ನೇ ತಿದ್ದಿದರು. ಅದರ ಮೇಲೆ ನಿಂತಿದ್ದ, ಆ ಕಾಲದ ಅತ್ಯಂತ ಕಷ್ಟದ ಡೆಕ್ಕುಗಳಲ್ಲಿ ಒಂದು, ಆ ದಿನವೇ ಸತ್ತಿತು. ತಿಂಗಳುಗಟ್ಟಲೆ ಅದನ್ನು ಕಲಿತವರ ಕೈಯಲ್ಲಿ ಉಳಿದದ್ದು ಆಟದೊಳಗಿನ ಒಂದಿಷ್ಟು ಪರಿಹಾರ. ಎಲ್ಲ ತಿದ್ದುಪಡಿಯೂ ತಪ್ಪೆನ್ನಲಾರೆ. 2015ರ ಜನವರಿಯಲ್ಲಿ ‘ಅಂಡರ್‌ಟೇಕರ್’ ಅನ್ನು ಕುಗ್ಗಿಸಿದಾಗ ನಿಟ್ಟುಸಿರು ಬಿಟ್ಟವರು ಬಹಳ. ಆದರೂ ಕಾರ್ಡು ನಿಮ್ಮದಲ್ಲ ಎಂಬುದು ಆವತ್ತಿನ ಮಟ್ಟಿಗಾದರೂ ಸ್ಪಷ್ಟವಾಗುತ್ತಿತ್ತು.

ಏಣಿಯೂ ನಿಮ್ಮದಲ್ಲ. 2019ರ ಅಕ್ಟೋಬರಿನಲ್ಲಿ ಹಾಂಗ್‌ಕಾಂಗ್‌ನ ಆಟಗಾರ ಬ್ಲಿಟ್ಸ್‌ಚುಂಗ್, ನಿಜವಾದ ಹೆಸರು ಎಂಗ್ ವಾಯ್ ಚುಂಗ್, ಗ್ರ್ಯಾಂಡ್‌ಮಾಸ್ಟರ್ಸ್ ಪಂದ್ಯ ಮುಗಿದ ಮೇಲಿನ ಸಂದರ್ಶನದಲ್ಲಿ ಮುಖವಾಡ ಹಾಕಿಕೊಂಡು ತನ್ನ ಊರಿನ ಚಳವಳಿಯ ಘೋಷಣೆ ಕೂಗಿದ. ಎರಡು ದಿನದಲ್ಲಿ ಅವನನ್ನು ಒಂದು ವರ್ಷ ಹೊರಗಿಟ್ಟರು, ಬಹುಮಾನದ ಹಣ ಹಿಂತೆಗೆದುಕೊಂಡರು. ಸಂದರ್ಶಿಸಿದ ಇಬ್ಬರು ವೀಕ್ಷಕ ವಿವರಣೆಗಾರರಿಗೂ ಬಾಗಿಲು ಮುಚ್ಚಿತು. ಜಗತ್ತಿನಾದ್ಯಂತ ಗದ್ದಲವೆದ್ದ ಮೇಲೆ ಹಣ ಹಿಂದಿರುಗಿಸಿ, ಶಿಕ್ಷೆಯನ್ನು ಆರು ತಿಂಗಳಿಗೆ ಇಳಿಸಲಾಯಿತು. ವರ್ಷಗಟ್ಟಲೆ ಮೆಟ್ಟಿಲೇರಿ ಬಂದವನು ಮೇಲೆ ನಿಂತು ಒಂದು ಮಾತಾಡಿದ್ದಕ್ಕೆ ಏಣಿಯನ್ನೇ ಎಳೆದುಕೊಂಡರು.

ನಮ್ಮ ದೇಶಕ್ಕೂ ಈ ಕತೆಯ ಒಂದು ತುಣುಕು ಸೇರಿದೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಸ್ಪರ್ಧೆಯಾಗಿತ್ತು. ಗುಜರಾತಿನ ಭುಜ್ ಊರಿನ ತೀರ್ಥ್ ಮೆಹ್ತಾ ಹಾರ್ತ್‌ಸ್ಟೋನ್‌ನಲ್ಲಿ ಕಂಚು ಗೆದ್ದ. ಪ್ರದರ್ಶನ ಸ್ಪರ್ಧೆಯಾದ್ದರಿಂದ ಪದಕಪಟ್ಟಿಯಲ್ಲಿ ಅದು ಎಣಿಕೆಗೆ ಬರಲಿಲ್ಲ. ಮುಂದಿನ ಕೂಟ, 2023ರಲ್ಲಿ ಹಾಂಗ್‌ಝೌನಲ್ಲಿ, ಇ-ಸ್ಪೋರ್ಟ್ಸ್ ನಿಜವಾದ ಪದಕದ ಸ್ಪರ್ಧೆಯಾಯಿತು. ಪಟ್ಟಿಯಲ್ಲಿ ಹಾರ್ತ್‌ಸ್ಟೋನ್ ಕೂಡ ಇತ್ತು. ಆದರೆ ಬ್ಲಿಝರ್ಡ್ ಮತ್ತು ಅದರ ಚೀನೀ ಪಾಲುದಾರ ನೆಟ್‌ಈಸ್ ನಡುವಿನ ಒಪ್ಪಂದ ಮುರಿದು, 2023ರ ಜನವರಿಯಲ್ಲಿ ಚೀನಾದಲ್ಲಿ ಆಟದ ಸರ್ವರುಗಳೇ ಬಂದ್ ಆದವು. ಕ್ರೀಡಾಕೂಟದಿಂದ ಹಾರ್ತ್‌ಸ್ಟೋನನ್ನು ಕೈಬಿಟ್ಟರು. ಚದುರಂಗ ಆಡಬೇಡ ಎನ್ನಲು ಯಾವ ಕಂಪನಿಗೂ ಆಗದು. ಇಲ್ಲಿ ಎರಡು ಕಂಪನಿಗಳ ಜಗಳಕ್ಕೆ ಒಂದು ದೇಶದ ಅಷ್ಟೂ ಆಟಗಾರರ ಮೆಟ್ಟಿಲುಗಳು ಒಂದು ಮಧ್ಯರಾತ್ರಿ ಕಣ್ಮರೆಯಾದವು. ಅವರು ಮತ್ತೆ ಒಳಗೆ ಬರಲು 2024ರ ಸೆಪ್ಟೆಂಬರ್ ತನಕ ಕಾಯಬೇಕಾಯಿತು.

ಗಾರ್ಫೀಲ್ಡ್ ಮಾತ್ರ ತನ್ನ ಹಳೆಯ ಕನಸನ್ನು ಬಿಟ್ಟಿರಲಿಲ್ಲ. ಆರ್ಟಿಫ್ಯಾಕ್ಟ್ ಬಂದ ತಿಂಗಳಲ್ಲೇ ಅವನ ಇನ್ನೊಂದು ಆಟ ಬಂತು, ರಟ್ಟಿನದು, ‘ಕೀಫೋರ್ಜ್’. ಅದರಲ್ಲಿ ಡೆಕ್ ಜೋಡಿಸುವಂತೆಯೇ ಇಲ್ಲ. ಕಂಪ್ಯೂಟರು ಪ್ರತಿಯೊಂದು ಡೆಕ್ಕನ್ನೂ ಬೇರೆಯಾಗಿ ಹೆಣೆದು, ಅದಕ್ಕೊಂದು ಹೆಸರಿಟ್ಟು ಅಚ್ಚು ಹಾಕುತ್ತದೆ. ಜಗತ್ತಿನಲ್ಲಿ ಅಂಥದು ಇನ್ನೊಂದಿಲ್ಲ. ನಕಲು ಮಾಡಲಾಗದು, ತಿದ್ದಲಾಗದು, ಸಿಕ್ಕಿದ್ದರಲ್ಲೇ ಆಡಬೇಕು. ಊರೂರಿಗೆ ಬೇರೆ ಆಟ, ಪಕ್ಕದೂರಿನವನು ಮತ್ತೆ ಬೆರಗುಗೊಳಿಸಬಲ್ಲ. ಕೆಲವು ವರ್ಷಗಳಲ್ಲಿ, ಡೆಕ್ಕುಗಳನ್ನು ಹೆಣೆಯುವ ಆ ತಂತ್ರಾಂಶವೇ ಕೆಟ್ಟುಹೋಗಿದೆ, ಹೊಸದಾಗಿ ಕಟ್ಟಬೇಕಾಗಿದೆ ಎಂದು ಪ್ರಕಾಶಕರು ಹೇಳಿದರು. 2022ರಲ್ಲಿ ಆಟ ಬೇರೆಯವರ ಕೈಗೆ ಹೋಗಿ, ಅವರು ಅದನ್ನು ಮತ್ತೆ ಎಬ್ಬಿಸಿದರು. ನನ್ನ ಬಳಿ ಅದರದೊಂದು ಡೆಕ್ ಇದೆ. ಅಷ್ಟೇನೂ ಒಳ್ಳೆಯದಲ್ಲ.

ಹಾಸ್ಟೆಲ್ಲಿನ ಆ ರಾತ್ರಿಯದು ಇಷ್ಟು ಉಳಿದಿದೆ. ಬೆಳಿಗ್ಗೆ ಗೆಳೆಯ ಹಲ್ಲುಜ್ಜುವ ಮೊದಲೇ ದಿಂಬಿನ ಕೆಳಗೆ ಕೈಹಾಕಿ ಫೋನು ತೆಗೆದ. ಅವನು ಒಂದು ಆಟವನ್ನೂ ಆಡಿರಲಿಲ್ಲ, ಸೋತಿರಲಿಲ್ಲ. ಉಳಿದವರು ರಾತ್ರಿಯಿಡೀ ಆಡಿ ಗೆದ್ದಿದ್ದರು. ನಾಲ್ಕುನೂರು ಚಿಲ್ಲರೆ ಇದ್ದದ್ದು ಆರುನೂರು ದಾಟಿತ್ತು. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹಾಸಿಗೆ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಹಳೆಯ ಕಂಟ್ರೋಲ್ ವಾರಿಯರ್ ಡೆಕ್ ತೆಗೆದು, “ಬಾರೋ ಇಲ್ಲಿ, ನೋಡು” ಎಂದ.